ಪಡಿಕ್ಕಲ್‌ಗೆ ಎಷ್ಟು ಕ್ರೆಡಿಟ್ ಕೊಡಬಹುದು?

ಐಪಿಎಲ್ ಹತ್ತಿರ ಬಂತು ಅಂದ್ರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ. "ಇವನು ಟೀಮ್ ಬದಲಾಯಿಸಿದ್ನಲ್ಲ, ಈ ಸಲ ತಗೋಬಹುದಾ?" ಉತ್ತರಗಳೂ ಪ್ರತಿವರ್ಷ ಅವೇ. ಹೊಸ ಟೀಮ್ ಸ್ಟ್ರಾಂಗ್ ಇದೆ, ತಗೋ. ಕೋಚ್ ಒಳ್ಳೆಯವನು, ತಗೋ. ನಮ್ಮ ಹುಡುಗ ಕಣೋ, ತಗೋ. ಫ್ಯಾಂಟಸಿ ಕ್ರಿಕೆಟ್ಟಿನಲ್ಲಿ ಈ ಮೂರು ಕಾರಣಗಳಿಗೂ ಮೂರು ಕಾಸಿನ ಬೆಲೆ ಇಲ್ಲ ಅನ್ನೋದು ನನ್ನ ವಾದ. ಆಟಗಾರ ತಂಡ ಬದಲಿಸಿದಾಗ ಕೇಳಬೇಕಾದ್ದು ಇಷ್ಟೇ: ಅಲ್ಲಿ ಇವನಿಗೆ ಎಷ್ಟು ಬಾಲ್ ಸಿಗುತ್ತೆ, ಆ ಬಾಲ್‌ಗಳಲ್ಲಿ ಏನು ಮಾಡು ಅಂತ ಇವನಿಗೆ ಹೇಳಿದ್ದಾರೆ.

ಗೊತ್ತಿಲ್ಲದವರಿಗೆ ಎರಡು ಮಾತು. ಹನ್ನೊಂದು ಜನರನ್ನು ಆರಿಸಬೇಕು, ಎಲ್ಲರಿಗೂ ಸೇರಿ ನೂರು ಕ್ರೆಡಿಟ್. ರನ್ನಿಗೊಂದು ಅಂಕ, ಬೌಂಡರಿಗೆ, ಅರ್ಧಶತಕಕ್ಕೆ ಮೇಲೊಂದಿಷ್ಟು. ಸ್ಟ್ರೈಕ್ ರೇಟ್ ಚೆನ್ನಾಗಿದ್ದರೆ ಬೋನಸ್, ಕುಟುಕುತ್ತಾ ಕೂತರೆ ಕಡಿತ. ಕ್ಯಾಪ್ಟನ್ ಮಾಡಿದವನ ಅಂಕ ಎರಡರಷ್ಟು, ವೈಸ್ ಕ್ಯಾಪ್ಟನ್‌ದು ಒಂದೂವರೆಯಷ್ಟು. ಈ ಲೆಕ್ಕದಲ್ಲಿ ತಂಡ ಗೆದ್ದಿತೋ ಸೋತಿತೋ ಅನ್ನೋದಕ್ಕೆ ಜಾಗವೇ ಇಲ್ಲ. ಅದನ್ನು ಮರೆತವರೇ ಜಾಸ್ತಿ.

ದೇವದತ್ತ ಪಡಿಕ್ಕಲ್ ಇದಕ್ಕೆ ಹೇಳಿ ಮಾಡಿಸಿದ ಕೇಸು. ಆರ್‌ಸಿಬಿ ಅವನನ್ನು 20 ಲಕ್ಷಕ್ಕೆ ತಗೊಂಡಿತ್ತು. 2020ರಲ್ಲಿ ಓಪನರ್ ಆಗಿ ಇಳಿದು 473 ರನ್, ಮರುವರ್ಷ 411. ಆ ವರ್ಷ ಏಪ್ರಿಲ್‌ನಲ್ಲಿ ವಾಂಖೆಡೆಯಲ್ಲಿ ರಾಜಸ್ಥಾನದ ಮೇಲೆ ನಾಟೌಟ್ 101. ಹೊಡೆಸಿಕೊಂಡ ರಾಜಸ್ಥಾನದವರೇ 2022ರ ಹರಾಜಿನಲ್ಲಿ 7.75 ಕೋಟಿ ಕೊಟ್ಟು ಕರಕೊಂಡು ಹೋದರು. ಫ್ಯಾಂಟಸಿ ಆಡುವವರು ಕುಣಿದಾಡಿದ್ದೂ ಆಯ್ತು. ಆದರೆ ಅಲ್ಲಿ ಓಪನಿಂಗ್‌ಗೆ ಬಟ್ಲರ್, ಜೈಸ್ವಾಲ್ ಇದ್ದರು, ಅವರ ಹಿಂದೆ ಸ್ಯಾಮ್ಸನ್. ಪಡಿಕ್ಕಲ್ ಒಮ್ಮೆ ಮೇಲೆ, ಹೆಚ್ಚು ಸಲ ನಡುವೆ. 2022ರಲ್ಲಿ 17 ಪಂದ್ಯಗಳಿಂದ 376, 2023ರಲ್ಲಿ 11ರಿಂದ 261. ಕೆಟ್ಟ ಆಟವೇನಲ್ಲ. ಆದರೆ ಪವರ್‌ಪ್ಲೇಯ ಆರು ಓವರ್, ಹೊರಗೆ ಇಬ್ಬರೇ ಫೀಲ್ಡರ್ ಇರುವ ಆ ಹೊತ್ತು, ಅವನ ಕೈ ತಪ್ಪಿತ್ತು. ಹುಡುಗ ಅವನೇ, ಅಂಗಡಿ ಬೇರೆ ಬೀದಿಗೆ ಹೋಗಿತ್ತು.

ಆಮೇಲೆ ಬಂದದ್ದು ಅಸಲಿ ಟ್ರೇಡ್. 2023ರ ನವೆಂಬರ್‌ನಲ್ಲಿ ರಾಜಸ್ಥಾನ ಪಡಿಕ್ಕಲ್‌ನನ್ನು ಲಖನೌಗೆ ಕೊಟ್ಟು ಆವೇಶ್ ಖಾನ್‌ನನ್ನು ತಗೊಂಡಿತು. ಹರಾಜಿಲ್ಲ, ಕೂಗಾಟ ಇಲ್ಲ, ನೇರ ಕೊಡು-ಕೊಳ್ಳುವಿಕೆ. ಕಾಗದದ ಮೇಲೆ ಎರಡೂ ಕಡೆ ಲಾಭ. 2024ರ ಮಾರ್ಚ್‌ನಲ್ಲಿ ಧರ್ಮಶಾಲಾದಲ್ಲಿ ಇಂಗ್ಲೆಂಡ್ ವಿರುದ್ಧ ಪಡಿಕ್ಕಲ್ ಟೆಸ್ಟಿಗೆ ಕಾಲಿಟ್ಟು 65 ಬಾರಿಸಿದ. ಫಾರ್ಮ್ ಇದೆ, ತಂಡದಲ್ಲಿ ರಾಹುಲ್ ಕ್ಯಾಪ್ಟನ್, ಮೂರನೇ ಕ್ರಮಾಂಕ ಖಾಲಿ. ಇನ್ನೇನು ಬೇಕು?

ಏಳು ಪಂದ್ಯ, 53 ಬಾಲ್, 38 ರನ್.

7.75 ಕೋಟಿಯನ್ನು 38ರಿಂದ ಭಾಗಿಸಿ ನೋಡಿ, ಒಂದು ರನ್ನಿಗೆ 20 ಲಕ್ಷದ ಮೇಲೆ ಬೀಳುತ್ತೆ. ಆರ್‌ಸಿಬಿ ಮೊದಲ ಸಲ ಇಡೀ ಹುಡುಗನಿಗೆ ಕೊಟ್ಟಿದ್ದೇ ಅಷ್ಟು! ಆ ಕಡೆ ಆವೇಶ್ ಖಾನ್ 19 ವಿಕೆಟ್ ತೆಗೆದ.

"ಹಂಗಾದ್ರೆ ಜಾಗ ಸಿಕ್ಕಿಯೂ ಆಡಲಿಲ್ಲವಲ್ಲ, ನಿಮ್ಮ ಲೆಕ್ಕ ಎಲ್ಲಿ ಹೋಯ್ತು" ಅಂತ ನೀವು ಕೇಳಬಹುದು. ಅದಕ್ಕೇ ಪ್ರಶ್ನೆಗೆ ಎರಡನೇ ಭಾಗ ಇಟ್ಟಿದ್ದು. ಲಖನೌ ಆ ವರ್ಷ ಮೇಲಿನ ಕ್ರಮಾಂಕದಲ್ಲಿ ನಿಂತು ಆಡುವ ತಂಡ. ನಿಲ್ಲುವವರು ಅವರಲ್ಲಿ ಆಗಲೇ ಇದ್ದರು. ಅಲ್ಲಿಗೆ ಇನ್ನೊಬ್ಬ ನಿಲ್ಲುವವನು ಹೋದರೆ, ಔಟಾದರೂ ಕಷ್ಟ, ಆಗದಿದ್ದರೂ ಕಷ್ಟ. ಜಾಗ ಇತ್ತು, ಕೆಲಸ ಇರಲಿಲ್ಲ.

ಇದು ಕ್ರಿಕೆಟ್ಟಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಫ್ಯಾಂಟಸಿ ಹುಚ್ಚು ನಮ್ಮದಕ್ಕಿಂತ ಹಳೆಯದು, ಅಲ್ಲಿ ಸೀಸನ್ ಮಧ್ಯದಲ್ಲೇ ಟ್ರೇಡ್ ಆಗುತ್ತೆ. 2024ರ ಅಕ್ಟೋಬರ್ 15ರಂದು, ಒಂದೇ ದಿನ, ಇಬ್ಬರು ದೊಡ್ಡ ವೈಡ್ ರಿಸೀವರ್‌ಗಳು, ಅಂದರೆ ದೂರ ಓಡಿ ಪಾಸ್ ಹಿಡಿಯುವವರು, ತಂಡ ಬದಲಿಸಿದರು. ಅಮಾರಿ ಕೂಪರ್ ಬಫಲೋಗೆ, ಡಾವಾಂಟೆ ಆಡಮ್ಸ್ ನ್ಯೂಯಾರ್ಕ್ ಜೆಟ್ಸ್‌ಗೆ. ಬಫಲೋ ಆ ವರ್ಷ 13 ಪಂದ್ಯ ಗೆದ್ದ ತಂಡ, ಪಾಸ್ ಎಸೆಯುವವನು ಆ ಸೀಸನ್ನಿನ ಅತ್ಯುತ್ತಮ ಆಟಗಾರ ಜೋಶ್ ಆ್ಯಲೆನ್. ಜೆಟ್ಸ್ ಗೆದ್ದಿದ್ದು ಐದೇ. ನ್ಯೂಜೆರ್ಸಿಯಲ್ಲಿರುವ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬ ಗೆಲ್ಲುವ ತಂಡ ಅಂತ ಕೂಪರ್‌ನನ್ನು ಹಿಡಿದ. ಕೂಪರ್ ಬಫಲೋ ಪರ ಹಿಡಿದದ್ದು 20 ಪಾಸ್, 297 ಗಜ. ಆಡಮ್ಸ್ ಆ ಸೋಲುವ ತಂಡದಲ್ಲಿ 67 ಪಾಸ್, 854 ಗಜ, ಏಳು ಟಚ್‌ಡೌನ್. ಕಾರಣ ಸರಳ. ಆ್ಯಲೆನ್ ಪ್ರಸಾದ ಹಂಚಿದ ಹಾಗೆ ಎಲ್ಲರಿಗೂ ಎಸೆಯುತ್ತಿದ್ದ. ಜೆಟ್ಸ್‌ನಲ್ಲಿ ಎಸೆಯುತ್ತಿದ್ದ ಆ್ಯರನ್ ರಾಡ್ಜರ್ಸ್, ಆಡಮ್ಸ್ ಜೊತೆ ಗ್ರೀನ್ ಬೇಯಲ್ಲಿ ವರ್ಷಗಟ್ಟಲೆ ಆಡಿದವನು. ಕಣ್ಣು ಮುಚ್ಚಿದರೂ ಚೆಂಡು ಅವನ ಕಡೆಗೇ.

ನಮ್ಮಲ್ಲಿ ಸೀಸನ್ ನಡುವೆ ಆಟಗಾರ ಬದಲಿಸುವ ನಿಯಮ 2018ರಲ್ಲಿ ಬಂತು, ಆದರೆ ತಂಡಗಳು ಅದನ್ನು ಹಚ್ಚಿಕೊಳ್ಳಲಿಲ್ಲ. ನಡುವೆ ಯಾರಾದರೂ ಬರುವುದು ಗಾಯಗೊಂಡವರ ಬದಲಿಗೆ. ಅದೂ ಪಡಿಕ್ಕಲ್ ಕಥೆಯಲ್ಲೇ ಇದೆ.

2025ರ ಹರಾಜಿನಲ್ಲಿ ಮೊದಲ ಸುತ್ತಿಗೆ ಅವನನ್ನು ಕೇಳುವವರೇ ಇರಲಿಲ್ಲ. ಎರಡನೇ ಸಲ ಹೆಸರು ಬಂದಾಗ ಆರ್‌ಸಿಬಿ ಮೂಲ ಬೆಲೆ ಎರಡು ಕೋಟಿಗೆ ವಾಪಸ್ ತಂದಿತು. ಸಾಲ್ಟ್, ಕೊಹ್ಲಿ ಆದಮೇಲೆ ಮೂರನೆಯವನು. ಒಂದು ಕಡೆ ಕೊಹ್ಲಿ ನಿಂತಿರ್ತಾರೆ, ನೀನು ಹೊಡಿ, ಹೋದರೆ ಹೋಗು ಅನ್ನೋ ಕೆಲಸ. ಮುಂಬೈ ಮೇಲೆ ವಾಂಖೆಡೆಯಲ್ಲಿ 22 ಬಾಲಿಗೆ 37, ಪಂಜಾಬ್ ಮೇಲೆ 35ಕ್ಕೆ 61, ಚಿನ್ನಸ್ವಾಮಿಯಲ್ಲಿ ರಾಜಸ್ಥಾನದ ಮೇಲೆ 27ಕ್ಕೆ 50. ಒಟ್ಟು ಹತ್ತು ಪಂದ್ಯ, 247 ರನ್, ಸ್ಟ್ರೈಕ್ ರೇಟ್ 150. 2020ರ ಪಡಿಕ್ಕಲ್ 125ರಲ್ಲಿ ಓಡುತ್ತಿದ್ದ. ಅಂದಿನ 473ಕ್ಕೆ ಹೋಲಿಸಿದರೆ ಮೊತ್ತ ಅರ್ಧ, ಆದರೆ ಫ್ಯಾಂಟಸಿಯಲ್ಲಿ ಒಂದೊಂದು ಬಾಲಿನ ಬೆಲೆ ಜಾಸ್ತಿ. ನನ್ನ ಕಣ್ಣಿಗೆ ಇದೇ ಅವನ ಅತ್ಯುತ್ತಮ ಸೀಸನ್.

ಮೇ ತಿಂಗಳಲ್ಲಿ ತೊಡೆ ಹಿಂಭಾಗದ ಸ್ನಾಯು ನೋವಿನಿಂದ ಅವನು ಹೊರಗೆ. ಒಂದು ಕೋಟಿಗೆ ಮಯಾಂಕ್ ಅಗರ್ವಾಲ್ ಒಳಗೆ. ನಾಲ್ಕು ಇನ್ನಿಂಗ್ಸ್: 11, 41 ನಾಟೌಟ್, 19, 24. ಅಂಕಗಳ ಪಟ್ಟಿಯಲ್ಲಿ ಇದು ಸಾಧಾರಣ. ಲಖನೌ ವಿರುದ್ಧ 228 ಬೆನ್ನಟ್ಟಿದ ರಾತ್ರಿ ಜಿತೇಶ್ ಶರ್ಮಾ 33 ಬಾಲಿಗೆ 85 ಚಚ್ಚುತ್ತಿದ್ದರೆ ಮಯಾಂಕ್ ಈ ಕಡೆ ವಿಕೆಟ್ ಬೀಳದಂತೆ, ರನ್ ನಿಲ್ಲದಂತೆ ನೋಡಿಕೊಂಡ. ಆ ಗೆಲುವಿನಿಂದ ಆರ್‌ಸಿಬಿಗೆ ಮೊದಲೆರಡರೊಳಗೆ ಜಾಗ ಸಿಕ್ಕಿತು, ಜೂನ್ 3ಕ್ಕೆ ಕಪ್ಪೂ ಬಂತು. ಜಿತೇಶ್‌ನ ಕ್ಯಾಪ್ಟನ್ ಮಾಡಿದವರು ಅವತ್ತು ರಾಜರು, ಮಯಾಂಕ್‌ನ ಮಾಡಿದವರು ಎಲ್ಲೋ ನಡುವೆ. ಈ ಆಟಕ್ಕೆ ಕಣ್ಣಿರುವುದು ಇಷ್ಟೇ ಅಗಲ. ಕ್ರಿಕೆಟ್ ನೋಡುವವನಿಗೆ ಕಾಣುವ ಅರ್ಧ ಇದಕ್ಕೆ ಕಾಣೋದೇ ಇಲ್ಲ. ಫ್ಯಾಂಟಸಿ ಆಡಿದರೆ ಕ್ರಿಕೆಟ್ ಜ್ಞಾನ ಬೆಳೆಯುತ್ತೆ ಅನ್ನುವವರನ್ನು ಕಂಡರೆ ನನಗೆ ಸ್ವಲ್ಪ ನಗು.

ರಾಹುಲ್ ವಿಷಯ ಬೇಗ ಮುಗಿಸ್ತೀನಿ. ಲಖನೌದಲ್ಲಿ 2024ಕ್ಕೆ 520 ರನ್, ಡೆಲ್ಲಿಗೆ ಹೋದಮೇಲೆ 2025ಕ್ಕೆ 539. ರನ್ ಹೆಚ್ಚೂಕಡಿಮೆ ಒಂದೇ. ಸ್ಟ್ರೈಕ್ ರೇಟ್ ಮಾತ್ರ 136ರಿಂದ 150ರ ಹತ್ತಿರ. ಕ್ಯಾಪ್ಟನ್ ಭಾರ ಇಳಿದಿತ್ತು ಅನ್ನೋದು ನನ್ನ ಊಹೆ.

ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಯಾಕೆ ಅಂದ್ರೆ, ಇದು ನಮ್ಮ ಮನೆಗೆ ತಟ್ಟಿದ ವಿಷಯ. ನನ್ನ ಚಿಕ್ಕಪ್ಪನ ಮಗ ತುರುವೇಕೆರೆ ಹತ್ತಿರ ತೋಟ ನೋಡಿಕೊಳ್ತಾನೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ದಾಗ ತಿಪಟೂರು ಮಾರುಕಟ್ಟೆಯಲ್ಲಿ 8 ಸಾವಿರದ ಆಸುಪಾಸು ಓಡುತ್ತಿತ್ತು. ಆ ಕೊರತೆಯನ್ನು ಆ್ಯಪ್‌ನಲ್ಲಿ ತುಂಬಿಕೊಳ್ತೀನಿ ಅಂತ ಹೊರಟ ಪುಣ್ಯಾತ್ಮ, 2024ರಲ್ಲಿ ದಿನಾ ನಾಲ್ಕೈದು ಟೀಮ್ ಕಟ್ಟಿ ದುಡ್ಡು ಹಾಕಿದ. ಬಹಳಷ್ಟರಲ್ಲಿ ವೈಸ್ ಕ್ಯಾಪ್ಟನ್ ಪಡಿಕ್ಕಲ್. "ಟೆಸ್ಟ್‌ನಲ್ಲಿ ಅರವತ್ತೈದು ಹೊಡೆದವ್ನೆ ಕಣಣ್ಣ, ಇವತ್ತು ಬಿಡಲ್ಲ ನೋಡ್ತಿರು." ಲಖನೌ ಅವನನ್ನು ಕೂರಿಸುವ ಹೊತ್ತಿಗೆ ಇವನ ಒಂದು ಕ್ವಿಂಟಲ್ ಕೊಬ್ಬರಿ ದುಡ್ಡು ಕರಗಿತ್ತು. ಚಿಕ್ಕಮ್ಮನಿಗೆ ಅದು ಗೊತ್ತಾಗಿದ್ದು ಸೊಸೈಟಿ ಸಾಲದ ಕಂತು ತಪ್ಪಿದಾಗ.

ಕೊಬ್ಬರಿ ವಿಷಯದಲ್ಲಿ ಇವನು ಮಹಾ ಹುಷಾರಿ, ಅದೇ ನನಗೆ ಬೇಜಾರು. ಅಟ್ಟದ ಮೇಲೆ ವರ್ಷದ ಹತ್ತಿರ ಬಿಟ್ಟು, ಕಾಯಿ ಅಲ್ಲಾಡಿಸಿ, ಒಳಗೆ ಗಿಟುಕು ಬಿಟ್ಟುಕೊಂಡ ಸದ್ದು ಕೇಳಿಯೇ ಸುಲಿಯೋಕೆ ಹಾಕೋದು. ಯಾರ ತೋಟದ ಕಾಯಿ ಅಂತ ಕೇಳಿ ರೇಟು ಕಟ್ಟುವ ವ್ಯಾಪಾರಿಯನ್ನು ಕಂಡರೆ ಬೈತಾನೆ. ಅದೇ ಮನುಷ್ಯ ಮೊಬೈಲ್ ಹಿಡಿದಾಗ ಹೆಸರು ನೋಡಿ ಕೊಳ್ಳುತ್ತಾನೆ. ಆ್ಯಪ್‌ಗಳ ಕ್ರೆಡಿಟ್ ಲೆಕ್ಕವೂ ಹಾಗೇ ಕಟ್ಟಿದ್ದು. ಅದು ಹಳೆಯ ಹೆಸರಿನ ಬೆಲೆ, ಟ್ರೇಡ್ ಆದಮೇಲೆ ಸರಿಹೋಗಲು ವಾರಗಟ್ಟಲೆ ಬೇಕು. ಆ ವಾರಗಳಲ್ಲೇ ಜನ ದುಡ್ಡು ಕಳ್ಕೊಳ್ಳೋದು. ಇದನ್ನು ಕೌಶಲದ ಆಟ ಅಂತ ಒಪ್ಪೋಣ, ಆದರೆ ಕೌಶಲ ಇರುವವರು ಕೆಲವರು, ಆಡುವವರು ಕೋಟಿ.

2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡು ಹಾಕಿ ಆಡುವುದು ನಿಂತಿತು. ನನ್ನ ಬೆಂಗಳೂರಿನ ಗೆಳೆಯರು ಸ್ವಾತಂತ್ರ್ಯ ಹೋಯ್ತು ಅಂತ ಒದ್ದಾಡಿದರು, ಚಿಕ್ಕಮ್ಮ ದೇವರಿಗೆ ದೀಪ ಹಚ್ಚಿದರು. ನಾನು ಚಿಕ್ಕಮ್ಮನ ಕಡೆ.

ಈಗ ನಮ್ಮದು ಹನ್ನೆರಡು ಜನರ ಪುಕ್ಕಟೆ ಲೀಗ್, ಒಂದು ಎಕ್ಸೆಲ್ ಶೀಟು. ಸೋತವನು ಊರಿಗೆ ಹೋಗುವ ದಾರಿಯಲ್ಲಿ ಕೆಬಿ ಕ್ರಾಸ್‌ನಲ್ಲಿ ಎಲ್ಲರಿಗೂ ತಿಂಡಿ ಕೊಡಿಸಬೇಕು. ಕ್ರೆಡಿಟ್ ನಾವೇ ಕಟ್ತೀವಿ, ಹೆಸರಿಗಲ್ಲ, ಕ್ರಮಾಂಕಕ್ಕೆ. ಹಿಂದಿನ ಐದು ಪಂದ್ಯದಲ್ಲಿ ಎಷ್ಟನೇ ಓವರ್‌ನಲ್ಲಿ ಇಳಿದ, ಎಷ್ಟು ಬಾಲ್ ಸಿಕ್ಕಿತು ಅನ್ನೋದೇ ಅಳತೆ. ಹಾಗೆ ನೋಡಿದರೆ, ಆರ್‌ಸಿಬಿಯಲ್ಲಿ ಮೂರನೇ ಕ್ರಮಾಂಕ ಗಟ್ಟಿ ಇದ್ದಷ್ಟು ದಿನ ಪಡಿಕ್ಕಲ್‌ಗೆ ಎಂಟು ಕ್ರೆಡಿಟ್ ಕೊಡಬಹುದು. ಐದಕ್ಕೆ ಇಳಿಸಿದ ದಿನ ಆರೂವರೆ. ತಮ್ಮ ಮಾತ್ರ ಒಂಬತ್ತಕ್ಕೆ ಕಮ್ಮಿ ಒಪ್ಪಲ್ಲ ಅಂತ ಪಟ್ಟು ಹಿಡಿದು ಕೂತಿದ್ದಾನೆ. ಶೀಟಿನಲ್ಲಿ ಆ ಖಾನೆ ಇನ್ನೂ ಖಾಲಿ ಇದೆ.