ಕೋಲಾರ ಸೀಮೆಯಲ್ಲಿ ಮರವನ್ನು ಹದಗೊಳಿಸುವ ಪದ್ಧತಿ

ಹಸಿಮರವನ್ನು ಒಣಗಿಸುವುದಕ್ಕೆ ಬಿಸಿಲೊಂದಿದ್ದರೆ ಸಾಕು, ಬಿಸಿಲಿಗೆ ನಮ್ಮಲ್ಲಿ ಬರವಿಲ್ಲವಾದ್ದರಿಂದ ಈ ಕಾರ್ಯಕ್ಕೆ ವಿಶೇಷವಾದ ವಿದ್ಯೆಯೇನೂ ಬೇಕಾಗದು ಎಂಬ ನಂಬಿಕೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸಾಮಿಲ್ಲುಗಳ ಅಂಗಳದಲ್ಲಿ ಬಲವಾಗಿ ಬೇರೂರಿದೆ. ಈ ನಂಬಿಕೆಗೆ ಬೆಲೆ ತೆರುತ್ತಿರುವವರು ಮನೆ ಕಟ್ಟುವವರು. ಆಷಾಢದಲ್ಲಿ ಬಿಗಿಯಾಗಿ ಕೂರಿಸಿದ ಬಾಗಿಲು ಶಿವರಾತ್ರಿ ಕಳೆಯುವಷ್ಟರಲ್ಲಿ ಸಂದು ಬಿಟ್ಟು ನಿಲ್ಲುತ್ತದೆ. ಬೇಸಗೆಯಲ್ಲಿ ಕೂರಿಸಿದ್ದು ಕಾರ್ತಿಕದ ತೇವಕ್ಕೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ದೂರು ಬಡಗಿಯ ಮೇಲೆ ಬೀಳುತ್ತದೆ, ಬಡಗಿಯು ಅದನ್ನು ಮರದ ಜಾತಿಯ ಮೇಲೆ ಹೊರಿಸುತ್ತಾನೆ. ದೋಷವಿರುವುದು ಬಹುಮಟ್ಟಿಗೆ ಇವೆರಡಕ್ಕೂ ಹಿಂದಿನ ಹಂತದಲ್ಲಿ, ಅಂದರೆ ಒಣಗಿಸಿದ ಕ್ರಮದಲ್ಲಿ ಎಂಬುದೇ ನನ್ನ ಅಭಿಪ್ರಾಯ.

ಮರದೊಳಗಿನ ನೀರು ಎರಡು ಬಗೆಯಾಗಿ ನೆಲೆಸಿರುತ್ತದೆ. ಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡಿರುವುದು ಮೊದಲು ಹೊರಡುತ್ತದೆ. ಅದು ಹೋದುದರಿಂದ ತೂಕ ಇಳಿಯುವುದೇ ಹೊರತು ಸಾಮಾನ್ಯವಾಗಿ ಅಳತೆ ಕುಗ್ಗುವುದಿಲ್ಲ. ತೇವಾಂಶವು ಶೇಕಡ 30ರ ಸುಮಾರಿಗೆ ಬಂದ ಮೇಲೆ ಕೋಶಗಳ ಭಿತ್ತಿಯನ್ನೇ ಆಶ್ರಯಿಸಿದ್ದ ನೀರು ಬಿಡಲಾರಂಭಿಸುತ್ತದೆ. ಸಂಕೋಚವೂ ಅದರ ಬೆನ್ನಿಗೆ ಬರುವ ಬಿರುಕು, ಡೊಂಕು, ತಿರುಚುಗಳೂ ಅಲ್ಲಿಂದ ಮುಂದಿನವು. ಹಲಗೆಯ ಮೈ ಈ ಎಲ್ಲೆಯನ್ನು ಬೇಗನೆ ದಾಟಿ ಕುಗ್ಗಲು ಹವಣಿಸುತ್ತಿರುವಾಗ ಒಡಲು ಇನ್ನೂ ನೀರುಂಡು ಹಿಗ್ಗಿಯೇ ಇರುವುದರಿಂದ, ಎರಡಕ್ಕೂ ನಡೆಯುವ ಎಳೆದಾಟದಲ್ಲಿ ಮೈ ಸೀಳುತ್ತದೆ. ಆದುದರಿಂದ ಈ ವಿದ್ಯೆಯ ಸಾರವಿರುವುದು ನೀರನ್ನು ಹೊರಹಾಕುವುದಕ್ಕಿಂತಲೂ ಹೆಚ್ಚಾಗಿ ಅದು ಹೊರಡತಕ್ಕ ವೇಗವನ್ನು ನಿಯಮಿಸುವುದರಲ್ಲಿ. ಆ ವೇಗವನ್ನು ನಿರ್ಣಯಿಸುವ ವಸ್ತುಗಳಲ್ಲಿ ಉಷ್ಣದಷ್ಟೇ, ಕೆಲವೊಮ್ಮೆ ಅದಕ್ಕಿಂತಲೂ ಮಿಗಿಲಾಗಿ, ಪ್ರಧಾನವಾದದ್ದು ಸುತ್ತಣ ಗಾಳಿಯ ತೇವ.

ಗಾಳಿಯ ತೇವವೇ ಒಣಗುವಿಕೆಯ ಕೊನೆಯ ಗೆರೆಯನ್ನೂ ಎಳೆಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡ 65 ಇದ್ದರೆ ಮರವು ಶೇಕಡ 12ರಷ್ಟು ತೇವಾಂಶದಲ್ಲಿ ನಿಲ್ಲುತ್ತದೆ; ಆರ್ದ್ರತೆ 40ಕ್ಕಿಳಿದರೆ 8ರ ಆಸುಪಾಸಿಗೆ ಬರುತ್ತದೆ, 80ಕ್ಕೇರಿದರೆ 16ಕ್ಕೆ ಏರುತ್ತದೆ. ಕೋಲಾರದ ಬಯಲಿನಲ್ಲಿ ಮಾರ್ಚ್ ತಿಂಗಳ ಮಧ್ಯಾಹ್ನದ ಗಾಳಿ ಶೇಕಡ 30ರ ಸುತ್ತಮುತ್ತ ಇರುತ್ತದೆ. ಅಕ್ಟೋಬರ್ ತಿಂಗಳ ಬೆಳಗಿನ ಗಾಳಿ 80ನ್ನು ಮೀರುತ್ತದೆ. ಒಟ್ಟು ಶೇಕಡ 8ರಷ್ಟು ಕುಗ್ಗುವ ಸ್ವಭಾವದ ಮರದ 150 ಮಿಲಿಮೀಟರ್ ಅಗಲದ ಹಲಗೆಯೊಂದು 16ರಿಂದ 8ಕ್ಕೆ ಒಣಗಿದರೆ ಸುಮಾರು 3 ಮಿಲಿಮೀಟರ್ ಕಿರಿದಾಗುತ್ತದೆ. ಹಲಗೆ ಹಲಗೆಗೆ ಇಷ್ಟು ಸಂದು ಬಿಟ್ಟ ಬಾಗಿಲನ್ನು ಯಾವ ಬಡಗಿಯ ಕೈಚಳಕವೂ ಉಳಿಸಲಾರದು. ಈ ಕಾರಣದಿಂದಲೇ ಭಾರತೀಯ ಮಾನಕ 287 ದೇಶವನ್ನು ಗಾಳಿಯ ಆರ್ದ್ರತೆಗನುಸಾರವಾಗಿ ನಾಲ್ಕು ವಲಯಗಳನ್ನಾಗಿ ವಿಂಗಡಿಸಿ, ಬಾಗಿಲು, ಕಿಟಕಿ, ಪೀಠೋಪಕರಣ ಮೊದಲಾದ ಒಂದೊಂದು ಉಪಯೋಗಕ್ಕೂ ಮರದಲ್ಲಿ ಇರಬಹುದಾದ ತೇವಾಂಶವನ್ನು ಗೊತ್ತುಮಾಡಿದೆ.

ಇನ್ನು ನಮ್ಮ ಅಂಗಳಗಳ ಪದ್ಧತಿಯನ್ನು ನೋಡೋಣ. ಕೊಯ್ದ ಹಲಗೆಗಳನ್ನು ಗೋಡೆಗೆ ಓರೆಯಾಗಿ ನಿಲ್ಲಿಸುವುದು, ಇಲ್ಲವೆ ನೆಲದ ಮೇಲೆಯೇ ಒಂದರ ಮೇಲೊಂದನ್ನು ಹೇರುವುದು ಸಾಮಾನ್ಯ. ಅಟ್ಟಿಯ ಹಲಗೆಗಳ ನಡುವೆ ಅಡ್ಡಪಟ್ಟಿಗಳನ್ನು ಇಡುವ ಜಾಣರೂ ಉಂಟು. ಆದರೆ ಸಮದಪ್ಪದ ಪಟ್ಟಿಗಳನ್ನು ಒಂದರ ನೇರಕ್ಕೆ ಮತ್ತೊಂದು ಬರುವಂತೆ ಕೆಳಗಿನಿಂದ ಮೇಲಿನವರೆಗೆ ಜೋಡಿಸಿದ ಅಟ್ಟಿ ಅಪರೂಪ. ಕೈಗೆ ಸಿಕ್ಕಿದ ಚೂರುಗಳನ್ನು ಕಂಡಕಂಡಲ್ಲಿ ತುರುಕಿದಾಗ ಮೇಲಿನ ಭಾರವು ಹಲಗೆಯನ್ನು ಪಟ್ಟಿಯಿಲ್ಲದ ಜಾಗದಲ್ಲಿ ಬಗ್ಗಿಸುತ್ತದೆ, ಒಣಗಿದ ಮೇಲೆ ಆ ಬಾಗು ಖಾಯಮ್ಮಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಇಂಥ ಅಟ್ಟಿಯೊಂದರ ಬದಿಗೆ ನಿಂತು ಹಲಗೆಗಳ ತುದಿಯನ್ನು ಹತ್ತಿರದಿಂದ ನೋಡಬೇಕು: ನಡುವಿನಿಂದ ಅಂಚಿಗೆ ಹರಿದ ಸೀಳುಗಳು, ಅವುಗಳ ನಡುನಡುವೆ ಕೂದಲೆಳೆಯ ಬಿರುಕುಗಳು, ಬೆರಳಾಡಿಸಿದರೆ ಚಕ್ಕೆಯೇಳುವ ಅಂಚು. ನೀರು ಮರದ ಮೈಯಿಂದ ಹೊರಡುವುದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ತುದಿಯಿಂದ ಹೊರಡುತ್ತದೆ. ಕೊಯ್ದ ದಿನವೇ ತುದಿಗಳಿಗೆ ಡಾಂಬರನ್ನೋ ಮೇಣವನ್ನೋ ದಪ್ಪನಾಗಿ ಬಳಿದರೆ ಈ ನಷ್ಟದ ಬಹುಭಾಗ ತಪ್ಪುತ್ತದೆ. ಇಷ್ಟು ಅಗ್ಗವಾದ ಉಪಾಯವನ್ನು ಮಾಡದಿರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಎಲ್ಲ ಮರಕ್ಕೂ ಒಂದೇ ನಿಯಮವೆಂದು ಭಾವಿಸುವುದು ಇದಕ್ಕಿಂತಲೂ ಗುರುತರವಾದ ಪ್ರಮಾದ. ಶ್ರೀನಿವಾಸಪುರದ ಸೀಮೆಯಲ್ಲಿ ಫಲ ಕುಂದಿದ ಹಳೆಯ ಮಾವು ಕೊಡಲಿಗೆ ಬರುತ್ತದೆ. ನೀಲಗಿರಿಯಂತೂ ನಾಲ್ಕೂ ತಾಲ್ಲೂಕುಗಳಲ್ಲಿ ಹೇರಳ. ಮಾವು ಒಣಗಲು ಒಪ್ಪುವ ಮರ. ಆದರೆ ಮಳೆಗಾಲದಲ್ಲಿ ನಿಧಾನವಾಗಿ ಒಣಗಿದರೆ ಬೂಷ್ಟು ಹೊಕ್ಕು ನೀಲಿಗಪ್ಪಾಗುತ್ತದೆ, ಹುಳುವಿಗೂ ಆಹಾರವಾಗುತ್ತದೆ. ಅದನ್ನು ಕೊಯ್ದೊಡನೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ, ಗಾಳಿ ಧಾರಾಳವಾಗಿ ಆಡುವಂತೆ ಬಿಡಿಯಾಗಿ ಜೋಡಿಸಿ, ಮೊದಲ ನೀರನ್ನು ಬೇಗ ಕಳೆಯಬೇಕು. ನೀಲಗಿರಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ನೀರು ಮೊಂಡುತನದಿಂದ ಹೊರಡುತ್ತದೆ. ಅವಸರಪಡಿಸಿದರೆ ಮೈ ಬಿರಿಯುವುದಲ್ಲದೆ ಒಳಗಿನ ಕೋಶಗಳು ಕುಸಿದು ಹಲಗೆ ತರಂಗತರಂಗವಾಗಿ ತಗ್ಗುತ್ತದೆ. ಅದಕ್ಕೆ ನೆರಳೂ ಒತ್ತಾದ ಜೋಡಣೆಯೂ ಬಿಸಿಗಾಳಿಗೆ ಗೋಣಿತಟ್ಟಿನ ಮರೆಯೂ ಬೇಕು. ಒಂದೇ ಅಂಗಳದಲ್ಲಿ, ಒಂದೇ ಬಿಸಿಲಿನಲ್ಲಿ, ಎರಡನ್ನೂ ಒಂದೇ ರೀತಿಯಲ್ಲಿ ಹರಡಿದವನು ಒಂದನ್ನಾದರೂ ಕೆಡಿಸಿಯೇ ತೀರುತ್ತಾನೆ.

ಮಾಲೂರಿನ ಹೆಂಚಿನ ಕೆಲಸಗಾರರಿಗೆ ಈ ತತ್ತ್ವ ಹೊಸದಲ್ಲ. ಅಚ್ಚಿನಿಂದ ತೆಗೆದ ಹಸಿಹೆಂಚನ್ನು ಬಿರುಬಿಸಿಲಿಗೆ ಒಡ್ಡಿದರೆ ಅದು ಸೊಟ್ಟಾಗಿ ಬಿರುಕು ಬಿಡುವುದೆಂದು ಅರಿತೇ ಅವರು ಅದನ್ನು ಸೂರಿನಡಿಯ ಅಡ್ಡೆಗಳಲ್ಲಿ ಜೋಡಿಸಿ ಆರಲು ಬಿಡುತ್ತಾರೆ. ಮಣ್ಣಿಗೆ ತೋರಿದ ಈ ಸಾವಧಾನವನ್ನು ಅದೇ ಊರಿನಲ್ಲಿ ಮರಕ್ಕೆ ತೋರದಿರುವುದು ನನಗೆ ಖೇದವನ್ನುಂಟುಮಾಡುತ್ತದೆ.

ಅಳೆಯದೆ ನಿಯಮಿಸುವುದು ಅಸಾಧ್ಯ. ಗಾಳಿಯ ತೇವವನ್ನು ಅಳೆಯಲು ಎರಡು ಉಷ್ಣಮಾಪಕಗಳು ಸಾಕು: ಒಂದರ ಬುಡ ಬರಿದು, ಇನ್ನೊಂದರ ಬುಡಕ್ಕೆ ಸದಾ ಒದ್ದೆಯಾಗಿರುವ ಹತ್ತಿಯ ಬತ್ತಿ. ಒಣಬುಡದಲ್ಲಿ 30 ಡಿಗ್ರಿ, ಒದ್ದೆಬುಡದಲ್ಲಿ 25 ಡಿಗ್ರಿ ತೋರಿದರೆ ಆರ್ದ್ರತೆ ಶೇಕಡ 67ರ ಸುಮಾರು. ಅದೇ ಐದು ಡಿಗ್ರಿಗಳ ಅಂತರ 50ಕ್ಕೂ 45ಕ್ಕೂ ಇದ್ದರೆ ಆರ್ದ್ರತೆ 75ರಷ್ಟಾಗುವುದರಿಂದ, ಅಂತರವನ್ನು ಮಾತ್ರ ನೋಡದೆ ಕೋಷ್ಟಕವನ್ನು ನೋಡತಕ್ಕದ್ದು. ಈ ಉಪಕರಣ ನಮ್ಮ ಜಿಲ್ಲೆಗೆ ಅಪರಿಚಿತವೇನಲ್ಲ. ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್‌ನಂಥ ಚಿನ್ನದ ಗಣಿಗಳಲ್ಲಿ ಮನುಷ್ಯನು ದುಡಿಯಬಲ್ಲನೇ ಎಂಬುದನ್ನು ಒದ್ದೆಬುಡದ ಉಷ್ಣವೇ ಹೇಳುತ್ತಿತ್ತು, 1961ರ ಗಣಿ ನಿಯಮಗಳು ಅದು 33.5 ಡಿಗ್ರಿಯನ್ನು ಮೀರಕೂಡದೆಂದು ವಿಧಿಸಿದ್ದವು. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಕೋಲಾರದ ಕೊಳವೆಬಾವಿಯ ನೀರು ಗಡಸು. ಬತ್ತಿಯನ್ನು ಆ ನೀರಿನಿಂದ ನೆನೆಸಿದರೆ ಕೆಲವೇ ದಿನಗಳಲ್ಲಿ ಬಿಳಿಯ ಲವಣ ಕಟ್ಟಿ ಅದು ಬಿರುಸಾಗುತ್ತದೆ. ಬಿರುಸಾದ ಬತ್ತಿಯಿಂದ ನೀರು ಸರಿಯಾಗಿ ಆವಿಯಾಗದು. ಒದ್ದೆಬುಡದ ಉಷ್ಣ ಏರಿ ಗಾಳಿಯಲ್ಲಿ ಇಲ್ಲದ ತೇವ ಇರುವಂತೆ ತೋರುತ್ತದೆ. ಅದನ್ನು ನಂಬಿದ ಕೆಲಸಗಾರನು ಗಾಳಿಯನ್ನು ಇನ್ನಷ್ಟು ಒಣಗಿಸಿ ಮರವನ್ನು ಸೀಳಿಸುತ್ತಾನೆ. ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿ, ಬತ್ತಿಯನ್ನು ಆಗಾಗ ಬದಲಾಯಿಸಿದರೆ ಈ ಅನರ್ಥ ತಪ್ಪುತ್ತದೆ. ಇತ್ತೀಚಿನ ಅಗ್ಗದ ಡಿಜಿಟಲ್ ಮಾಪಕಗಳನ್ನು ಕೊಂಡವರು, ಒದ್ದೆಮಾಡಿದ ಅಡಿಗೆಯ ಉಪ್ಪಿನೊಡನೆ ಅದನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು, ಬೆಳಗ್ಗೆ ಶೇಕಡ 75ನ್ನು ತೋರಿಸುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು.

ಮರದ ತೇವಾಂಶವನ್ನೇ ನೇರವಾಗಿ ಹೇಳುವ ಸೂಜಿಯ ಮೀಟರು ವಿದ್ಯುತ್ತಿಗೆ ಮರವು ಒಡ್ಡುವ ತಡೆಯನ್ನು ಆಧರಿಸಿದ್ದು. ಅದರ ಮಾತಿಗೆ ಬೆಲೆಯಿರುವುದು ಸುಮಾರು 7ರಿಂದ 25ರವರೆಗೆ ಮಾತ್ರ. ಮರದ ಜಾತಿಗೆ ತಕ್ಕ ತಿದ್ದುಪಡಿ ಇಲ್ಲದೆ ಅಷ್ಟೂ ಇಲ್ಲ. ಗಿಡ್ಡ ಸೂಜಿ ಮೈಯನ್ನಷ್ಟೇ ಓದುತ್ತದೆ, ಒಡಲು ಹಸಿಯಾಗಿಯೇ ಉಳಿದಿರಬಹುದು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಶ್ರೇಷ್ಠವಾದದ್ದು ತಕ್ಕಡಿ. ಹಲಗೆಯ ನಡುವಿನಿಂದ ಒಂದು ತುಂಡನ್ನು ತೆಗೆದು ತೂಗಿ, 103 ಡಿಗ್ರಿ ಉಷ್ಣದ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಕಳೆದ ತೂಕವನ್ನು ಒಣತೂಕದಿಂದ ಭಾಗಿಸಿದರೆ ತೇವಾಂಶ ದೊರೆಯುತ್ತದೆ. 250 ಗ್ರಾಂ ಇದ್ದದ್ದು 160ಕ್ಕೆ ಇಳಿದರೆ ಶೇಕಡ 56. ಅದೇ ಹಲಗೆಯ ಉಳಿದ ಭಾಗವನ್ನು ಅಟ್ಟಿಯಲ್ಲಿಟ್ಟು ವಾರವಾರಕ್ಕೂ ತೂಗುತ್ತ ಹೋದರೆ ಇಡೀ ಅಟ್ಟಿಯ ಗತಿ ಕೈಯಲ್ಲಿರುತ್ತದೆ.

ಯಂತ್ರದಿಂದ ಒಣಗಿಸುವ ಕಿಲ್ನ್‌ಗಳಲ್ಲಿ ಆವಿಯನ್ನು ಬಿಟ್ಟು ಗಾಳಿಯ ತೇವವನ್ನು ಏರಿಸಬಹುದು, ಕಿಂಡಿ ತೆರೆದು ಇಳಿಸಬಹುದು. ಅದರ ನಿಜವಾದ ಗುಣ ವೇಗದಲ್ಲಿಲ್ಲ, ಈ ನಿಯಂತ್ರಣದಲ್ಲಿದೆ; ಕುಸಿದ ನೀಲಗಿರಿಯ ಹಲಗೆಯನ್ನು ಕೊನೆಯ ಹಂತದಲ್ಲಿ ಹಬೆಗೆ ಒಡ್ಡಿ ಬಹುಮಟ್ಟಿಗೆ ಮೊದಲಿನಂತೆ ಉಬ್ಬಿಸುವ ಸಾಮರ್ಥ್ಯವೂ ಅದಕ್ಕುಂಟು. ಆದರೆ ಕಿಲ್ನಿನಿಂದ ಬಂದದ್ದೆಲ್ಲ ಒಳ್ಳೆಯದೆಂಬ ಮಾತನ್ನು ನಾನು ಒಪ್ಪಲಾರೆ. ಹಲಗೆಯ ಅಡ್ಡಕೊಯ್ತದ ಒಂದು ತುಂಡನ್ನು ತೆಗೆದು, ನಡುಭಾಗವನ್ನು ಗರಗಸದಿಂದ ಕಳೆದು ಕವೆಯ ಆಕಾರಕ್ಕೆ ತನ್ನಿ: ಎರಡು ಕವಲುಗಳೂ ನೆಟ್ಟಗೆ ನಿಂತರೆ ಕೆಲಸ ಸಮರ್ಪಕ, ಒಳಮುಖವಾಗಿ ಬಾಗಿದರೆ ಮೈಯನ್ನು ಅವಸರದಿಂದ ಒಣಗಿಸಿ ಒಳಗೆ ಬಿಗಿತವನ್ನು ಉಳಿಸಿದ್ದಾರೆಂದು ಅರ್ಥ. ಅಂಥ ಹಲಗೆಯನ್ನು ಸೀಳಿದೊಡನೆ ಎರಡು ಹೋಳೂ ಬಾಗುತ್ತವೆ.

1938ರಲ್ಲಿ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಅರಣ್ಯ ಸಂಶೋಧನಾಲಯವನ್ನು ತೆರೆಯಿತು. ಅದೇ ಇಂದು ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಕೋಲಾರಕ್ಕೆ ಒಂದು ಹಗಲಿನ ಪ್ರಯಾಣದೊಳಗೆ ಇಷ್ಟು ವಿದ್ಯೆ ಸಂಚಿತವಾಗಿದ್ದೂ ನಮ್ಮ ಅಂಗಳಗಳಲ್ಲಿ ಎರಡು ಉಷ್ಣಮಾಪಕಗಳು ಕಾಣಸಿಗದಿರುವುದು ಸರಿಯಲ್ಲ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಬೆಟ್ಟದಿಂದ ಹಬ್ಬಿದ ನೀಲಗಿರಿ ನಮ್ಮ ಹೊಲಗಳನ್ನು ಆವರಿಸಿದ್ದೂ, ಅಂತರ್ಜಲದ ಕಾರಣದಿಂದ ಸರ್ಕಾರ 2017ರಲ್ಲಿ ಹೊಸ ನೆಡುವಿಕೆಯನ್ನು ನಿಷೇಧಿಸಿದ್ದೂ ಬೇರೆಯೇ ಚರ್ಚೆಯ ವಿಷಯ. ಆ ನಿಷೇಧವನ್ನು ನಾನು ವಿರೋಧಿಸುವವನಲ್ಲ. ಎಳೆಯ ನೀಲಗಿರಿಯ ದಿಮ್ಮಿ ಗರಗಸ ತಾಗಿದೊಡನೆ ತನ್ನ ಬೆಳವಣಿಗೆಯ ಬಿಗಿತದಿಂದಲೇ ಸೀಳುವುದುಂಟು. ಅದನ್ನು ಯಾವ ಮಾಪಕವೂ ತಡೆಯಲಾರದು ಎಂಬುದನ್ನೂ ಒಪ್ಪಬೇಕು. ಆದರೆ ಈಗಾಗಲೇ ನಿಂತಿರುವ ಮರಗಳಲ್ಲಿ ಹಲಗೆಗೆ ಒದಗುವಷ್ಟು ದಪ್ಪವಾದವನ್ನೂ ಸೌದೆಗೂ ಕಾಗದದ ತಿರುಳಿಗೂ ಅಗ್ಗದಲ್ಲಿ ಮಾರಿ, ಬಾಗಿಲಿಗೆ ದೂರದೇಶದ ಮರವನ್ನು ತರಿಸುವುದು ರೈತನಿಗೂ ಮನೆಯವನಿಗೂ ನಷ್ಟ. ಇಂದಿನ ಪದ್ಧತಿ ಮರವನ್ನು ಒಣಗಿಸುತ್ತಿದೆ, ಹದಗೊಳಿಸುತ್ತಿಲ್ಲ. ಇದನ್ನು ತಿದ್ದುವ ಶಕ್ತಿ ಕೊಳ್ಳುವವರ ಕೈಯಲ್ಲಿದೆ: ಮರ ಕೊಳ್ಳುವಾಗ ಅದರ ತೇವಾಂಶ ಶೇಕಡ ಎಷ್ಟು, ಯಾವ ದಿನ ಅಳೆದದ್ದು ಎಂಬೆರಡನ್ನೂ ಬಿಲ್ಲಿನಲ್ಲಿ ಬರೆಯಿಸಿಕೊಳ್ಳಬೇಕೆಂದು ಈ ಸೀಮೆಯಲ್ಲಿ ಮನೆ ಕಟ್ಟುವ ಪ್ರತಿಯೊಬ್ಬರನ್ನೂ ಕೇಳಿಕೊಳ್ಳುತ್ತೇನೆ.