ಇಪ್ಪತ್ತು ನಿಮಿಷದ ಮೆಕ್ಸಿಕನ್ ಮೀನು

‘ಈಸಿ ಮೆಕ್ಸಿಕನ್ ವೈಟ್ ಫಿಶ್, 20 ನಿಮಿಷದಲ್ಲಿ ರಾತ್ರಿ ಊಟ ರೆಡಿ!’ ಈ ಥರದ ರೆಸಿಪಿಗಳು ಈಗ ಕನ್ನಡದಲ್ಲೂ ಸಾಲುಸಾಲಾಗಿ ಬರ್ತಿವೆ. ಚನ್ನಗಿರಿ ತಾಲ್ಲೂಕಿನ ನಲ್ಲೂರಲ್ಲಿ, ಓವನ್ ಇಲ್ಲದ ಅಡುಗೆಮನೆಯಲ್ಲಿ ನಿಂತು ಇವನ್ನ ಓದಿದ್ರೆ ಏನನ್ನಿಸುತ್ತೆ ಅನ್ನೋದು ನನ್ನ ವಿಷಯ.

ರೆಸಿಪಿಯ ಮೀನಿಗೆ ತಲೆ ಇಲ್ಲ, ಹುರುಪೆ ಇಲ್ಲ, ಮುಳ್ಳಿಲ್ಲ. ಹೆಸರೂ ಇಲ್ಲ, ಬರೀ ‘ಬಿಳಿ ಮೀನು’. ಸೂಳೆಕೆರೆ ಸೀಮೆಯಲ್ಲಿ ಮೀನು ಅಂದ್ರೆ ಕಾಟ್ಲಾ, ರೋಹು. ಇವುಗಳ ಮಾಂಸದೊಳಗೇ ಸಣ್ಣ ಕವಲು ಮುಳ್ಳಿರುತ್ತೆ, ಸಾರಿಗೆ ಸೈ, ಈ ಅಡುಗೆಗೆ ಒಗ್ಗಲ್ಲ. ಆದ್ರೆ ಅಮೆರಿಕದ ಮನೆಗಳಲ್ಲಿ ಇದಕ್ಕೆ ಬಳಸೋ ಅಗ್ಗದ ಮೀನು ಟಿಲಾಪಿಯಾ, ಅಂದ್ರೆ ನಮ್ಮ ಜಿಲೇಬಿ ಮೀನಿನ ದಾಯಾದಿ! 1952ರಲ್ಲಿ ಭಾರತಕ್ಕೆ ತಂದದ್ದು. ಕಂಡಾಪಟ್ಟೆ ಮರಿ ಮಾಡಿ, ತಾನೂ ಬೆಳೆಯದೆ ಬೇರೆ ಮೀನನ್ನೂ ಬೆಳೆಯಗೊಡದೆ, ಕೆರೆಗೆ ಬಂದ ಪೀಡೆ ಅನ್ನಿಸಿಕೊಂಡದ್ದು. ಅದರಲ್ಲಿ ಆ ಕವಲು ಮುಳ್ಳಿಲ್ಲ. ಕನ್ನಡದಲ್ಲಿ ರೆಸಿಪಿ ಹೇಳೋರು ಈ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲ್ಲ, ಫ್ರೋಜನ್ ಪ್ಯಾಕೆಟ್ ತನ್ನಿ ಅಂತಾರೆ.

ಆಮೇಲೆ ‘ಮೆಕ್ಸಿಕನ್ ಮಸಾಲೆ’ ಪುಡಿ. ಬಿಚ್ಚಿ ನೋಡಿ: ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ, ಉಪ್ಪು. ಇದರಲ್ಲಿ ಆ ಕಡೆಯದು ಮೆಣಸಿನಕಾಯಿ ಒಂದೇ. ಜೀರಿಗೆ, ಕೊತ್ತಂಬರಿ, ನಿಂಬೆಹಣ್ಣು ಎಲ್ಲ ಸ್ಪೇನಿನವರ ಹಡಗಲ್ಲಿ ಅಲ್ಲಿಗೆ ಹೋದವು. ಮೆಕ್ಸಿಕನ್ ಲೈಮ್ ಅನ್ನೋದು ನಮ್ಮ ಹಿತ್ತಲಿನ ಸಣ್ಣ ನಿಂಬೆಯ ಜಾತಿಯೇ. ಟೊಮೆಟೊ, ಹಸಿಮೆಣಸು, ಈರುಳ್ಳಿ ಕೆಂಡದ ಮೇಲೆ ಸುಟ್ಟು ಒರಳಲ್ಲಿ ತರಿತರಿಯಾಗಿ ಜಜ್ಜಿದ್ರೆ ಸಾಲ್ಸಾ ಆಯ್ತು. ನಮ್ಮಜ್ಜಿಯರು ಸುಟ್ಟ ಚಟ್ನಿ ಅಂತಿದ್ರು. ಪುಡಿಗೆ ದುಡ್ಡು ಯಾಕೆ?

ನನಗೆ ನಿಜಕ್ಕೂ ಸಿಟ್ಟು ಬರೋದು ಟೋರ್ಟಿಯಾ ವಿಷಯದಲ್ಲಿ. ‘ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತೆ’ ಅಂತ ಒಂದೇ ಸಾಲಲ್ಲಿ ಮುಗಿಸ್ತಾರೆ. ಸ್ವಾಮಿ, ದಾವಣಗೆರೆ ಜಿಲ್ಲೆ ಅಂದ್ರೆ ಮೆಕ್ಕೆಜೋಳ! ನಾವು ಬೆಳೆದದ್ದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಫ್ಯಾಕ್ಟರಿಗೆ ಹೋಗುತ್ತೆ. ಮೆಕ್ಸಿಕೋದವರು ಅದೇ ಕಾಳನ್ನ ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿ ನೆನೆಹಾಕಿ, ಸಿಪ್ಪೆ ಉಜ್ಜಿ ತೊಳೆದು ರುಬ್ತಾರೆ. ಕಿಲೋ ಕಾಳಿಗೆ ಹತ್ತು ಗ್ರಾಂ ಸುಣ್ಣ ಸಾಕು. ಹಿಟ್ಟು ಅಂಟು ಕಟ್ಟುತ್ತೆ, ಕಾಳಿನೊಳಗೆ ಸಿಕ್ಕಿಹಾಕಿಕೊಂಡ ನಯಾಸಿನ್ ಅನ್ನೋ ಜೀವಸತ್ವ ಮೈಗೆ ದಕ್ಕುತ್ತೆ. ಈ ವಿದ್ಯೆ ಬಿಟ್ಟು ಬರೀ ಕಾಳು ಒಯ್ದ ಯುರೋಪಿನ ಬಡವರು ಪೆಲಾಗ್ರಾ ಬಂದು ಸತ್ತರು. ಅಡಿಕೆ ಸೀಮೆಯವರಿಗೆ ಸುಣ್ಣದ ಪರಿಚಯ ಮಾಡಿಸಬೇಕಾ?

ರೆಸಿಪಿಯಲ್ಲಿ ಒಳ್ಳೇದೂ ಇದೆ. ಮಸಾಲೆ ಕಮ್ಮಿ, ಹಾಗಾಗಿ ಮೀನಿನ ರುಚಿ ಗೊತ್ತಾಗುತ್ತೆ. ಕೆರೆಮೀನಿನ ಕೆಸರು ವಾಸನೆಗೆ ಹುಳಿಯೇ ಮದ್ದು. ಅರ್ಧ ಕಿಲೋಗೆ ಒಂದು ನಿಂಬೆಹಣ್ಣು, ಉಪ್ಪು ಹಚ್ಚಿ ಹತ್ತು ನಿಮಿಷ ಇಟ್ಟು, ಕಾದ ಕಾವಲಿ ಮೇಲೆ ಒಂದೊಂದು ಮಗ್ಗಲು ಮೂರ್ನಾಲ್ಕು ನಿಮಿಷ. ಓವನ್ ಬೇಕಿಲ್ಲ.

ಆದ್ರೆ ‘20 ನಿಮಿಷ’ ಅನ್ನೋದು ಶುದ್ಧ ಸುಳ್ಳು. ಬಚ್ಚಲ ಹತ್ರ ಕೂತು ಹುರುಪೆ ಉಜ್ಜಿ, ಕಿವಿರು ಕಿತ್ತು, ಕರುಳು ತೆಗೆದು, ಮೂರು ಸಲ ತೊಳೆದು, ಕೊನೆಗೆ ಆ ಜಾಗವನ್ನೂ ತೊಳೆಯೋ ಹೆಂಗಸಿನ ಮುಕ್ಕಾಲು ಗಂಟೆ ಆ ಲೆಕ್ಕದಲ್ಲಿಲ್ಲ. ಎಷ್ಟೋ ಮನೆಗಳಲ್ಲಿ ಮೀನಿನ ಪಾತ್ರೆನೇ ಬೇರೆ, ಒಲೆನೇ ಬೇರೆ, ಅದೂ ಅವಳ ತಲೆಗೇ. ಸಾಮಗ್ರಿ ಪಟ್ಟಿಯ ಮೊದಲ ಸಾಲಲ್ಲಿ ‘ಮೀನು ಅರ್ಧ ಕಿಲೋ’ ಅಂತ ಬರೆದವರು ಪಕ್ಕದಲ್ಲೇ ‘ತೊಳೆಯುವವರು: ಮನೆಯ ಯಜಮಾನರು’ ಅಂತ ಸೇರಿಸಲಿ, ಆಗ ಈಸಿ ಅನ್ನೋ ಮಾತನ್ನ ನಾನೂ ಒಪ್ಕೋತೀನಿ.