ಜಾಣ ಲಿಪಿಕಾರ

ಓಲೆಗರಿ ಪ್ರತಿಗಳನ್ನು ಸಂಪಾದಿಸುವವರಿಗೆ ದಡ್ಡ ಲಿಪಿಕಾರನಿಗಿಂತ ಜಾಣ ಲಿಪಿಕಾರನ ಭಯವೇ ಹೆಚ್ಚು. ದಡ್ಡನ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಜಾಣ ತನಗೆ ತಿಳಿಯದ ಪದವನ್ನು ತೆಗೆದು ತಿಳಿದದ್ದನ್ನು ಕೂರಿಸಿರುತ್ತಾನೆ. ಮೂಲದ ಸುಳಿವೂ ಉಳಿಯುವುದಿಲ್ಲ. ಕೆಟ್ಟ ಇಮೇಲ್ ವಿಳಾಸಗಳನ್ನು ದಾರಿಯಲ್ಲೇ ತಿದ್ದಿ ಮುಂದೆ ಸಾಗಿಸುವ ಮೇಲ್ ಸರ್ವರ್‌ಗಳನ್ನು ಕಂಡಾಗ ನನಗೆ ಇವನೇ ನೆನಪಾಗುತ್ತಾನೆ.

ತಿದ್ದುವ ಚಟ ಸುಮ್ಮನೆ ಬಂದದ್ದಲ್ಲ. 1980ರ ದಶಕದ ಆರಂಭದಲ್ಲಿ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಸೆಂಡ್‌ಮೇಲ್ ಎಂಬ ಮೇಲ್ ಸರ್ವರ್ ಬರೆಯುವಾಗ ಒಂದೊಂದು ಜಾಲಕ್ಕೂ ಒಂದೊಂದು ವ್ಯಾಕರಣ. ಅರ್ಪಾನೆಟ್‌ನವರದು @ ಚಿಹ್ನೆ, ಯುಯುಸಿಪಿಯವರದು ಆಶ್ಚರ್ಯಸೂಚಕ, ಬರ್ಕ್‌ನೆಟ್‌ನವರದು ಕೋಲನ್. ಒಂದನ್ನು ಇನ್ನೊಂದಕ್ಕೆ ತಿರುಗಿಸದೆ ಪತ್ರ ಗಡಿ ದಾಟುತ್ತಿರಲಿಲ್ಲ. ಅದಕ್ಕಾಗಿ ಹುಟ್ಟಿದ ನಿಯಮಗಳ ಕಡತವೋ ಡಾಲರ್ ಚಿಹ್ನೆಗಳ ಸಂತೆ. ಟ್ಯಾಬ್ ಇರಬೇಕಾದಲ್ಲಿ ಸ್ಪೇಸ್ ಬಿದ್ದರೆ ನಿಯಮವೇ ಕೆಡುತ್ತಿತ್ತು. ಆದರೂ ಅಲ್ಲಿ ನಡೆದದ್ದು ಅನುವಾದ, ಊಹೆಯಲ್ಲ.

ಊಹೆ ಶುರುವಾದದ್ದು ಜಾಲಗಳೆಲ್ಲ ಒಂದೇ ವ್ಯಾಕರಣಕ್ಕೆ ಬಂದ ಮೇಲೆ. ವೀಟ್ಸೆ ವೆನೆಮಾ ರೂಪಿಸಿದ, 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್ ಅಚ್ಚುಕಟ್ಟಿನ ಮೇಲ್ ಸರ್ವರ್ ತಂತ್ರಾಂಶ. @ ಇಲ್ಲದ ವಿಳಾಸ ಸಿಕ್ಕರೆ ಅದು ತನ್ನ ಡೊಮೇನನ್ನು ಅಂಟಿಸುತ್ತದೆ. ಯಂತ್ರವೇ ರಾತ್ರಿ ಬರೆದು ಬರೀ ‘ರೂಟ್’ ಎಂದು ಸಹಿ ಹಾಕಿದ ವರದಿಗೆ ಇದು ಬೇಕಾದದ್ದೇ. ಆದರೆ ಕಳುಹಿಸಿದವರ ಜಾಗದಲ್ಲಿ ಬರೀ ‘ಮ್ಯಾನೇಜರ್’ ಎಂದಿರುವ ಸ್ಪ್ಯಾಮ್ ಹೊರಗಿನಿಂದ ಬಂದರೆ? ಅದಕ್ಕೂ ಕಚೇರಿಯ ಡೊಮೇನ್ ಅಂಟಿತೆಂದರೆ ಕಳ್ಳನಿಗೆ ಕಾವಲುಗಾರನೇ ಗುರುತಿನ ಚೀಟಿ ಬರೆದುಕೊಟ್ಟಂತೆ. 2.2ನೇ ಆವೃತ್ತಿಯಿಂದ ಪೋಸ್ಟ್‌ಫಿಕ್ಸ್ ಹೊರಗಿನವರ ಪತ್ರದ ಹೆಡರ್‌ಗಳನ್ನು, ಎಂದರೆ ‘ಇಂದ’, ‘ಗೆ’ ಮೊದಲಾದ ತಲೆಸಾಲುಗಳನ್ನು, ತಾನಾಗಿ ತಿದ್ದುವುದನ್ನು ಬಿಟ್ಟಿತು. ಅದರ ಇತಿಹಾಸದಲ್ಲಿ ನಾನು ಹೆಚ್ಚು ಮೆಚ್ಚುವುದು ಹೀಗೆ ಕೈ ಹಿಂದೆಗೆದದ್ದನ್ನೇ. ಇಮೇಲ್ ಸಾಗಣೆಯ ಮಾನದಂಡವಾದ 2008ರ ಆರ್‌ಎಫ್‌ಸಿ 5321 ಕೂಡ ಪತ್ರ ಹೊರಡುವ ಸರ್ವರ್‌ಗೆ ತಿದ್ದಲು ಸಲಿಗೆ ಕೊಡುತ್ತದೆ, ನಡುದಾರಿಯ ಸರ್ವರ್‌ಗೆ ಕೂಡದೆನ್ನುತ್ತದೆ.

ಮನೆಯೊಳಗಿನ ಊಹೆಯೂ ಎಡವುವುದುಂಟು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ವಿಭಾಗಕ್ಕೆ ‘ಸಿಎಸ್’ ಎಂಬ ಕಿರುಹೆಸರು; ಬರೆಯುವವರು ಅಲ್ಲಿಗೇ ನಿಲ್ಲಿಸಿದರೆ ಉಳಿದ ಬಾಲವನ್ನು ತಂತ್ರಾಂಶ ಸೇರಿಸುತ್ತಿತ್ತು. ಆಮೇಲೆ ಚೆಕೊಸ್ಲೊವಾಕಿಯಾ ದೇಶಕ್ಕೇ ‘ಸಿಎಸ್’ ಡೊಮೇನ್ ಬಂತು. ವಿಳಾಸ ಪಕ್ಕದ ಕಟ್ಟಡದ್ದೋ ಯುರೋಪಿನದೋ, ತಿದ್ದುವವನಿಗೆ ತಿಳಿಯುವುದು ಹೇಗೆ? ಚುಕ್ಕಿಯಿಲ್ಲದ ಹೆಸರಿಗೆ ಬಾಲ ಕಟ್ಟುವ ಅಭ್ಯಾಸವನ್ನು ಪೋಸ್ಟ್‌ಫಿಕ್ಸ್ ಕೈಬಿಟ್ಟದ್ದು 2015ರಲ್ಲಿ, 3.0 ಆವೃತ್ತಿಯಲ್ಲಿ. ತಡವೇ ಆಯಿತು.

ಅಡ್ಮಿನ್‌ಗಳ ಸ್ವಂತ ಜಾಣತನ ಬೇರೆ ಇದೆ: ‘ಜಿಮೇಲ್’ ಕಾಗುಣಿತ ತಪ್ಪಿದ ವಿಳಾಸಗಳನ್ನೆಲ್ಲ ಸರಿಪಡಿಸುವ ಒಂದು ಪಟ್ಟಿ. ಆ ತಪ್ಪು ಕಾಗುಣಿತ ಇನ್ಯಾರದೋ ನೋಂದಾಯಿತ ಡೊಮೇನ್ ಆಗಿರಬಹುದು. ಅಲ್ಲದಿದ್ದರೂ, ಪತ್ರ ತಲುಪಿತೆಂಬ ನೆಮ್ಮದಿಯಲ್ಲಿ ಬರೆದವರ ವಿಳಾಸಪುಸ್ತಕದಲ್ಲಿ ತಪ್ಪು ಹಾಯಾಗಿ ಉಳಿಯುತ್ತದೆ. ಬೌನ್ಸ್ ಆಗಿದ್ದರೆ ಅಂದೇ ತಿಳಿಯುತ್ತಿತ್ತು.

ಪೋಸ್ಟ್‌ಫಿಕ್ಸ್ ಬಗ್ಗೆ ನನ್ನ ತಕರಾರು ಪಾಠಾಂತರದ್ದು: ತಿದ್ದುವ ಸಂಪಾದಕ ಮೂಲದ ರೂಪವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸಬೇಕು. ಸ್ವೀಕರಿಸುವವರ ವಿಳಾಸ ಬದಲಾದರೆ ಹಳೆಯದನ್ನು ಲಾಗ್‌ನಲ್ಲಿ ಬರೆದಿಡುತ್ತದೆ, ಸರಿ. ಹೆಡರ್ ತಿದ್ದಿದಾಗ ಮಾತ್ರ ಮೂಲರೂಪ ಪತ್ರದೊಳಗೆ ಎಲ್ಲೂ ಉಳಿಯುವುದಿಲ್ಲ. ಪತ್ರ ಬದಲಾಗಿಲ್ಲವೆಂದು ಸಾರುವ, ಕಳುಹಿಸಿದವರ ಡಿಕೆಐಎಂ ಸಹಿ ಆ ಹೆಡರನ್ನು ಒಳಗೊಂಡಿದ್ದರೆ ಅದೂ ಮುರಿಯುತ್ತದೆ. ಯಾರು, ಏನು ತಿದ್ದಿದರೆಂದು ಮುರಿದ ಸಹಿ ಹೇಳುವುದಿಲ್ಲ.

ಒಂದು ಕಡೆ ಮಾತ್ರ ಪೋಸ್ಟ್‌ಫಿಕ್ಸ್‌ನ ಸಂಯಮ ಪೂರ್ಣ. ಈಗ ಕನ್ನಡ ಲಿಪಿಯಲ್ಲೇ ‘ಭಾರತ’ ಎಂಬ ಡೊಮೇನ್ ಇದೆ. @ ಚಿಹ್ನೆಯ ಎಡಕ್ಕೂ ಕನ್ನಡ ಬರೆಯಬಹುದು. ಹಳೆಯ ಸರ್ವರ್‌ಗಳ ಕಣ್ಣಿಗೆ ಅದು ಕೆಟ್ಟ ವಿಳಾಸ. ಬಲಭಾಗಕ್ಕೆ ರೋಮನ್ ಅಕ್ಷರದ ಸಂಕೇತರೂಪವಿದೆ, ಎಡಭಾಗಕ್ಕಿಲ್ಲ. ಮುಂದಿನ ಸರ್ವರ್ ಇಂಥ ವಿಳಾಸವನ್ನು ಒಪ್ಪದಿದ್ದರೆ ಪೋಸ್ಟ್‌ಫಿಕ್ಸ್ ಅದನ್ನು ಇಂಗ್ಲಿಷಿಗೆ ಇಳಿಸಲು ಹೋಗುವುದಿಲ್ಲ. ಕಾರಣ ಬರೆದು, ಪತ್ರವನ್ನು ಕಳುಹಿಸಿದವರಿಗೇ ಮರಳಿಸುತ್ತದೆ.